ಇಬ್ಬರನ್ನು ಎಳೆಯದ ಎಂಜಿನ್

ದಿನವೂ ಸಂಜೆ ಸ್ವಂತ ಹೆಂಡತಿಯ ಕೈಯಲ್ಲಿ ಸ್ವಂತ ಕಾರಿನಿಂದ ಇಳಿಸಿಕೊಂಡು, ನಡೆದು ಮನೆ ಸೇರುವ ಗಂಡಸು ಈ ಭೂಮಂಡಲದಲ್ಲಿ ತಾನೊಬ್ಬನೇ ಇರಬೇಕೆಂದು ಲ್ಯಾಬ್ ಮೇಷ್ಟ್ರಿಗೆ ಬಲವಾದ ಗುಮಾನಿ ಇತ್ತು.

ಕಾರು ಚಿಕ್ಕದು, ಹಳೆಯದು, ಮೂರು ಸಿಲಿಂಡರಿನದು. (ಬಾಗಿಲು ನಾಲ್ಕಿದ್ದರೂ ಒಳಗಿನಿಂದ ತೆರೆಯುವುದು ಎರಡೇ.) ಓಡಿಸುವುದು ಹೆಂಡತಿ. ಹೈಸ್ಕೂಲಿನ ಭೌತಶಾಸ್ತ್ರದ ಪ್ರಯೋಗಾಲಯವನ್ನು ಇಪ್ಪತ್ತೆರಡು ವರ್ಷ ನಡೆಸಿದ ಮೇಷ್ಟ್ರಿಗೆ ಎಂಜಿನ್ ಬಿಚ್ಚುವ ಕೈ ಇತ್ತೇ ಹೊರತು ಸ್ಟೀರಿಂಗ್ ಹಿಡಿಯುವ ಕೈ ಇರಲಿಲ್ಲ. ಲೈಸೆನ್ಸ್ ಪರೀಕ್ಷೆಗೆ ಮೂರು ಸಲ ಹೋಗಿ, ಮೂರು ಸಲವೂ ರಿವರ್ಸಿನಲ್ಲಿ ಅದೇ ಕಂಬಕ್ಕೆ ಗುದ್ದಿ ಬಂದಿದ್ದರು. ಹಾಗಾಗಿ ಬೆಳಿಗ್ಗೆ ಅವರನ್ನು ಶಾಲೆಗೆ ಬಿಟ್ಟು ತನ್ನ ಕಚೇರಿಗೆ ಹೋಗುವುದು, ಸಂಜೆ ಮತ್ತೆ ಹತ್ತಿಸಿಕೊಂಡು ಬರುವುದು ಹೆಂಡತಿಯ ಪಾಲಿಗೆ ಬಂದಿತ್ತು. ಆಕೆಯ ಉದ್ಯೋಗ ದೂರು ಕೇಳುವುದು. ವಾಷಿಂಗ್ ಮೆಷಿನ್ ಕಂಪನಿಯೊಂದರಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಟ್ಟೆ ಹರಿದವರ, ನೀರು ಸೋರಿದವರ ಸಿಟ್ಟನ್ನೆಲ್ಲ ದಿನಕ್ಕೆ ಎಂಟು ಗಂಟೆ ಕೇಳಬೇಕು.

ಮನೆ ಇದ್ದದ್ದು ದಿಬ್ಬದ ಮೇಲೆ. ದಿಬ್ಬದ ಬುಡದ ಲಾಂಡ್ರಿ ಅಂಗಡಿ ಬಂದ ಕೂಡಲೇ ಕಾರು ನಿಲ್ಲುತ್ತಿತ್ತು.

"ಇಳೀರಿ. ಇಬ್ಬರನ್ನ ಎಳೆಯಲ್ಲ ಇದು."

ಮೇಷ್ಟ್ರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಇಳಿಯುತ್ತಿದ್ದರು. (ಅವರ ಮಾತು ಎಲ್ಲಿ ನಿಲ್ಲಿಸಿದರೂ ಅರ್ಧವೇ.) ಕಾರು ಗುರುಗುಟ್ಟುತ್ತ ಏರಿಹೋಗುತ್ತಿತ್ತು. ಮೇಷ್ಟ್ರು ಎಂಟು ನಿಮಿಷ ಏದುಸಿರು ಬಿಡುತ್ತ ಹತ್ತಿ ಮೇಲೆ ಬಂದರೆ ಹೆಂಡತಿ ಇನ್ನೂ ಕಾರಿನೊಳಗೇ ಕೂತಿರುತ್ತಿದ್ದಳು. ಎಂಜಿನ್ ತಣ್ಣಗಾಗಲಿ ಅಂತ ಕಾಯ್ತಿದ್ದೆ ಎನ್ನುತ್ತಿದ್ದಳು. ಪಾಪ, ಕಾರಿನ ಮೇಲೆ ಎಷ್ಟು ಕಾಳಜಿ ಎಂದು ಮೇಷ್ಟ್ರು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದರು.

ನಡೆಯುವುದು ಅವರಿಗೆ ಅಂಥ ಕಷ್ಟವೇನಿರಲಿಲ್ಲ, ನೋಡುವವರು ಕಷ್ಟವಾಗಿದ್ದರು. ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ಟರರಂತೂ ಆ ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು ನಿಂತಿರುತ್ತಿದ್ದರು. ಒಂದೇ ಒಂದು ಸಲ ಹೆಂಡತಿಯ ಪಕ್ಕದಲ್ಲಿ ಕೂತು, ಮನೆಬಾಗಿಲಿನ ತನಕ ಕಾರಿನಲ್ಲೇ ಬಂದು ಇಳಿಯಬೇಕು. ಮೇಷ್ಟ್ರ ಜೀವನದ ಮಹತ್ವಾಕಾಂಕ್ಷೆ ಇಷ್ಟಕ್ಕೆ ಬಂದು ನಿಂತಿತ್ತು.

ಒಂದು ಭಾನುವಾರ ಅವರು ಶಾಲೆಯ ಕೋನಮಾಪಕವನ್ನೂ ದಾರಕ್ಕೆ ಕಟ್ಟಿದ ತೂಕದ ಗುಂಡನ್ನೂ ತಂದು ದಿಬ್ಬದ ಏರು ಅಳೆದರು. ಕಾರಿನ ತೂಕ, ತಮ್ಮ ತೂಕ, ಹೆಂಡತಿಯ ತೂಕ (ಇದು ಅಂದಾಜು, ಕೇಳುವ ಧೈರ್ಯವಿರಲಿಲ್ಲ) ಎಲ್ಲ ಸೇರಿಸಿ ಲೆಕ್ಕ ಹಾಕಿದರು. ಈ ಎಂಜಿನ್ ನಾಲ್ವರನ್ನು ಕೂರಿಸಿಕೊಂಡು ಸಲೀಸಾಗಿ ಹತ್ತುತ್ತದೆ ಎಂದು ಉತ್ತರ ಬಂತು. ಮತ್ತೆ ಹಾಕಿದರು. ಈ ಸಲ ಐವರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ದಿನವೂ ಓಡಿಸುವವಳು ಹೆಂಡತಿ, ಆಕೆ ಎಳೆಯಲ್ಲ ಅನ್ನುತ್ತಾಳೆ. ಎಳೆಯುತ್ತದೆ ಅನ್ನುವುದು ಬರೀ ಸೂತ್ರ. ಮದುವೆಯಾಗಿ ಹತ್ತೊಂಬತ್ತು ವರ್ಷ ಕಳೆದ ಯಾವ ವಿಜ್ಞಾನಿಯಾದರೂ ಮಾಡುವುದನ್ನೇ ಅವರೂ ಮಾಡಿದರು. ಲೆಕ್ಕದ ಹಾಳೆಯನ್ನು ಹರಿದು ಬಿಸಾಡಿದರು.

ಮರುವಾರವೇ ಗುಜರಿ ಅಂಗಡಿಯಿಂದ ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್ ಮನೆಗೆ ಬಂತು. ಇರೋದೇ ಚೆನ್ನಾಗಿದೆಯಲ್ಲ, ಸುಮ್ಮನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ ಎಂದು ಹೆಂಡತಿ ಎರಡು ಮೂರು ಸಲ ಅಂದಳು. ತಮಗೆ ದಣಿವಾದೀತೆಂದು ಅನ್ನುತ್ತಿದ್ದಾಳೆ ಎಂದುಕೊಂಡು ಮೇಷ್ಟ್ರು ಇನ್ನಷ್ಟು ಉಬ್ಬಿದರು.

ಶೆಡ್ಡಿನ ತೊಲೆಗೆ ಕಪ್ಪಿ ಕಟ್ಟಿ ಎಂಜಿನ್ ಎತ್ತಲು ನೆರವಾದವನು ಪರಿಚಯದ ಮೊಟ್ಟೆ ವ್ಯಾಪಾರಿ. ಅವನದೂ ಅದೇ ಜಾತಿಯ ಕಾರು, ಎಂಜಿನ್ ಸತ್ತು ಮೂಲೆಯಲ್ಲಿ ನಿಂತಿತ್ತು. ಸಹಾಯದ ಋಣಕ್ಕೆ ಹಳೆಯ ಎಂಜಿನ್ ಅವನಿಗೇ ಹೋಯಿತು. ಇಬ್ಬರನ್ನು ಎಳೆಯುವುದಿಲ್ಲ ಎಂದು ಮೇಷ್ಟ್ರು ಪ್ರಾಮಾಣಿಕವಾಗಿ ಎಚ್ಚರಿಸಿಯೇ ಕೊಟ್ಟರು. ಆಮೇಲೆ ಶುರುವಾಯಿತು ನೋಡಿ ಯಜ್ಞ. ಹೊಸ ಎಂಜಿನ್ ಕೂರಲು ಹಳೆಯ ಮೌಂಟುಗಳು ಒಪ್ಪಲಿಲ್ಲ, ಹೊಸದಾಗಿ ವೆಲ್ಡ್ ಮಾಡಿಸಿದರು. ಅದು ಕೂತರೆ ರೇಡಿಯೇಟರಿಗೆ ಜಾಗವಿಲ್ಲ, ರೇಡಿಯೇಟರ್ ತೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ. ಚಹಾ ಸೋಸುವ ಜರಡಿ ಪೆಟ್ರೋಲ್ ಸೋಸಲು ಹೋಯಿತು. ಸಕ್ಕರೆ ಡಬ್ಬದಲ್ಲಿ ನಟ್ಟು ಬೋಲ್ಟು ಸಿಕ್ಕವು. ಹೀಗೆ ಮೂರು ತಿಂಗಳು. ಅಷ್ಟು ದಿನವೂ ಹೆಂಡತಿ ಒಬ್ಬಳೇ ಬಸ್ಸಿನಲ್ಲಿ ಓಡಾಡಿದಳು. ಒಂದು ದಿನವೂ ಗೊಣಗಲಿಲ್ಲ, ಇನ್ನೂ ಎಷ್ಟು ದಿನ ಎಂದು ಕೇಳಲಿಲ್ಲ. ಮುಖದಲ್ಲಿ ಒಂದು ಕಳೆ ಬೇರೆ ಬಂದಿತ್ತು. ತನ್ನ ಕೈಗುಣದ ಮೇಲೆ ಇವಳಿಗೆ ಇಷ್ಟು ನಂಬಿಕೆಯೇ ಎಂದು ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಕೊನೆಗೂ ಆ ಸುದಿನ ಬಂತು. ಲಾಂಡ್ರಿ ಅಂಗಡಿಯ ಮುಂದೆ ಕಾರು ನಿಲ್ಲಲಿಲ್ಲ. ಇಬ್ಬರನ್ನೂ ಹೊತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಿತ್ತು. ಮೇಷ್ಟ್ರು ದಾರಿಯುದ್ದಕ್ಕೂ ಪಿಸ್ಟನ್ ಬಗ್ಗೆ ಮಾತಾಡಿದರು, ಇಳಿದ ಮೇಲೆ ಪೋಸ್ಟ್ ಮಾಸ್ಟರರಿಗೆ ಅದನ್ನೇ ಮೊದಲಿನಿಂದ ಹೇಳಿದರು. ಹೆಂಡತಿ ನೇರ ಒಳಗೆ ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಏನೋ ಕೆಟ್ಟಿತ್ತು. ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಟವೆಲ್ ಎಲ್ಲಿ ಎಂದು ಕೇಳಿದ್ದಕ್ಕೆ ಜಗಳವಾಯಿತು. ಎಂಜಿನ್ ಸದ್ದು ಹೆಚ್ಚಾಯಿತೇನೋ ಎಂದುಕೊಂಡು ಮೇಷ್ಟ್ರು ಸೈಲೆನ್ಸರ್ ಬದಲಾಯಿಸಿದರು.

ಭಾನುವಾರ ಬೆಳಿಗ್ಗೆ ಮೊಟ್ಟೆ ವ್ಯಾಪಾರಿ ಕೃತಜ್ಞತೆ ಹೇಳಲು ಬಂದ. ಕಾರಿನಲ್ಲೇ ಬಂದ. ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತೆ, ಅತ್ತೆಯ ಪಕ್ಕದಲ್ಲಿ ಸೀಟಿನಿಂದ ಚಾವಣಿಯ ತನಕ ಮೊಟ್ಟೆಯ ಟ್ರೇಗಳು. (ಅತ್ತೆಯೂ ಹಗುರದವರಲ್ಲ.) ಬುಡದಿಂದ ತುದಿಯ ತನಕ ಎಲ್ಲೂ ನಿಲ್ಲದೆ ಹತ್ತಿ ಬಂದದ್ದನ್ನು ಮೇಷ್ಟ್ರು ಗೇಟಿನಲ್ಲಿ ನಿಂತು ಕಣ್ಣಾರೆ ಕಂಡರು.

"ಚಿನ್ನದಂಥ ಎಂಜಿನ್ ಸಾರ್," ಅಂದ ಅವನು. "ಒಂದು ಬೋಲ್ಟೂ ಮುಟ್ಟಿಲ್ಲ, ನೀವು ಕೊಟ್ಟ ಹಾಗೇ ಕೂರಿಸಿದೆ."

ಅವನನ್ನು ಕಳಿಸಿ ಮೇಷ್ಟ್ರು ನೇರ ಅಡಿಗೆಮನೆಗೆ ಬಂದರು. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು.

"ಹಳೇದು ಇಬ್ಬರನ್ನ ಎಳೀತಿತ್ತಾ?"

ಚಾಕು ನಿಂತಿತು. "ಎಳೀತಿತ್ತು."

"ಯಾವಾಗಿಂದ?"

"ಮೊದಲಿಂದಾನೂ. ಒಂದು ದಿನ ಮಾತ್ರ ನಿಜವಾಗ್ಲೂ ಎಳೀಲಿಲ್ಲ, ಪ್ಲಗ್ ಕೆಟ್ಟಿತ್ತು. ನೀವು ಇಳಿದು ನಡ್ಕೊಂಡು ಬಂದ್ರಿ. ಆ ಎಂಟು ನಿಮಿಷ ನನ್ನ ಕಿವೀಲಿ ಯಾರೂ ಮಾತಾಡ್ಲಿಲ್ಲ ರೀ. ಮಾರನೇ ದಿನ ಕಚೇರಿ ಹತ್ತಿರ ಹೊಸ ಪ್ಲಗ್ ಹಾಕಿಸ್ಕೊಂಡೆ. ನಾನು ಹೇಳ್ಲಿಲ್ಲ."

"ನನಗೆ ಹೇಳಿದ್ರೆ ಸುಮ್ಮನೆ ಕೂತಿರ್ತಿದ್ದೆನಲ್ಲೇ."

"ನೀವಾ?" ಎಂದಳು ಹೆಂಡತಿ. ಅದರಲ್ಲಿ ಕುಹಕವಿರಲಿಲ್ಲ, ಅದಕ್ಕೇ ಮೇಷ್ಟ್ರಿಗೆ ಚುರುಕ್ ಎಂದಿತು. ಹೆಚ್ಚಿದ ತರಕಾರಿಯನ್ನು ಬದಿಗೆ ಸರಿಸಿ ಆಕೆಯೇ ಮುಂದುವರಿಸಿದಳು. "ನಿಮ್ಮ ಮಾತು ನನಗೆ ಬೇಡ ಅಂತಲ್ಲ. ಮನೆಗೆ ಬಂದ ಮೇಲೆ ಎಷ್ಟು ಬೇಕಾದ್ರೂ ಕೇಳ್ತೀನಿ. ಮಧ್ಯ ಸ್ವಲ್ಪ ಬಿಡುವು ಬೇಕಿತ್ತು, ಅಷ್ಟೇ."

ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಮಾನವಾಯಿತು. ಕೊನೆಗೆ ಉಳಿದದ್ದು ದುಃಖ. ಇಡೀ ಊರು ಕಿವಿಯಲ್ಲಿ ಕೂಗಿ ಹೋದ ಮೇಲೆ ಇವಳಿಗೆ ಉಳಿಯುತ್ತಿದ್ದದ್ದು ಎಂಟು ನಿಮಿಷ. ಅದನ್ನೂ ತಾವು ಮೂರು ತಿಂಗಳು ಬೆವರು ಸುರಿಸಿ ಕಿತ್ತುಕೊಂಡಿದ್ದರು.

ಸೋಮವಾರ ಸಂಜೆ ಲಾಂಡ್ರಿ ಅಂಗಡಿಯ ಹತ್ತಿರ ಮೇಷ್ಟ್ರೇ ನಿಲ್ಲಿಸು ಎಂದರು. ಬೇಡ, ಅಷ್ಟು ಕಷ್ಟಪಟ್ಟು ಮಾಡಿದ್ದೀರಿ, ಕೂತ್ಕೊಳ್ಳಿ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳದೆ ಇಳಿದರು. ಅವರ ನಾಲ್ಕು ಸಿಲಿಂಡರುಗಳು ಹೂವೆತ್ತಿದ ಹಾಗೆ ಕಾರನ್ನು ಎತ್ತಿಕೊಂಡು ಹೋದವು. ಎಂಥ ಎಳೆತ, ಎಂಥ ನಯ. ಹೇಳಿಕೊಳ್ಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾರು ಬಿಟ್ಟುಹೋದ ಹೊಗೆ ಕುಡಿಯುತ್ತ ಹತ್ತಿದರು.

ಮೇಲೆ ಪೋಸ್ಟ್ ಮಾಸ್ಟರರು ಗೇಟಿನಲ್ಲಿ ಕಾದಿದ್ದರು.

"ಏನ್ ಮೇಷ್ಟ್ರೇ, ಹೊಸ ಎಂಜಿನ್ನೂ ಇಬ್ಬರನ್ನ ಎಳೆಯಲ್ವಾ?"

ಮೇಷ್ಟ್ರು ಕಾರಿನ ಕಡೆ ನೋಡಿದರು. ಗಾಜು ಏರಿಸಿಕೊಂಡು, ಸೀಟಿಗೆ ತಲೆ ಆನಿಸಿ, ಕಣ್ಣು ಮುಚ್ಚಿ ಹೆಂಡತಿ ಕೂತಿದ್ದಳು.

"ಇಲ್ಲ ಸಾರ್," ಎಂದರು ಮೇಷ್ಟ್ರು. "ನಾನು ಜೋಡಿಸಿದ್ರಲ್ಲೇ ಏನೋ ತಪ್ಪಾಗಿದೆ."

ಮುಂದಿನ ಸಲ ಗೊತ್ತಿದ್ದವರ ಕೈಲಿ ಮಾಡಿಸಿ ಎಂದು ಪೋಸ್ಟ್ ಮಾಸ್ಟರರು ಬೀದಿಗೆಲ್ಲ ಕೇಳುವ ಹಾಗೆ ಬುದ್ಧಿ ಹೇಳಿದರು. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು, ಸ್ವಲ್ಪ ಮೆಲ್ಲಗೆ ಸಾರ್ ಎಂದು ಸನ್ನೆ ಮಾಡಿ, ಹೆಂಡತಿ ತಾನಾಗಿ ಕಾರಿನ ಬಾಗಿಲು ತೆರೆಯುವ ತನಕ ಅಲ್ಲೇ ನಿಂತರು.