ಒಂದೇ ಮುದ್ದೆಯ ಡಯಟ್ಟು

ಬಡಿಸುವ ಕೈಗೆ ಲೆಕ್ಕ ಬರುವುದಿಲ್ಲ. ನಾನು ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿಗೆ. ಆದರೂ ಒಂದಕ್ಕಿಂತ ಎರಡು ಹೆಚ್ಚು ಎನ್ನುವಷ್ಟು ಕಲಿತಿದ್ದೇನೆ. ತಮ್ಮನ ತಟ್ಟೆಯ ಮುಂದೆ ಕುಳಿತರೆ ಮಾತ್ರ ಅದೂ ಮರೆತುಹೋಗುತ್ತದೆ.

ತಮ್ಮ ಮಂಜ ಕಡೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಸಂಜೆ ಕಬಡ್ಡಿ ಆಡುತ್ತಾನೆ. ಅಜ್ಜಂಪುರದಲ್ಲಿ ಅರವತ್ತು ಕೆಜಿಯೊಳಗಿನವರ ಪಂದ್ಯ ನಿಗದಿಯಾಯಿತು. ತಂಡಕ್ಕೆ ಅವನು ಬೇಕಿತ್ತು, ಅವನ ಹೊಟ್ಟೆಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. "ಅಕ್ಕಾ, ಕೊಬ್ಬು ಇಳೀಬೇಕು, ಮಸಲ್ ಬರ್ಬೇಕು. ಕಾಳು, ಮೊಸರು ಎಷ್ಟಾದ್ರೂ ಹಾಕು. ಮುದ್ದೆ ಒಂದೇ ಕಣಕ್ಕಾ" ಎಂದ. ಕಾಳು ಬೇಯಿಸುವುದೇನೂ ಕಷ್ಟವಾಗಲಿಲ್ಲ, ಪೇಚಾಟವಾಗಿದ್ದು ಮುದ್ದೆಯಲ್ಲಿ. ನಮ್ಮ ಮನೆಯಲ್ಲಿ ತಟ್ಟೆಗೆ ಯಾವುದನ್ನೂ ಒಂಟಿಯಾಗಿ ಬಡಿಸುವ ಪದ್ಧತಿಯಿಲ್ಲ. ಒಂದು ರೊಟ್ಟಿ ಸಾಕೆಂದವರಿಗೂ ಇನ್ನೊಂದರ ಚೂರನ್ನಾದರೂ ಹಾಕುತ್ತೇವೆ. ಪದ್ಧತಿಯನ್ನೂ ಬಿಡಬಾರದು, ತಮ್ಮನ ಮಾತನ್ನೂ ಮೀರಬಾರದು. ಎರಡು ಮುದ್ದೆಯ ಹಿಟ್ಟನ್ನು ಸೇರಿಸಿ ಒಂದೇ ಮುದ್ದೆ ಕಟ್ಟಿದೆ.

"ಏನಕ್ಕಾ ಇದು, ತೆಂಗಿನಕಾಯಿ ಇದ್ದಂಗೈತೆ?"

"ಒಂದೇ ಕಣೋ, ಎಣಿಸ್ಕೊ."

ಪಾಪ, ಎಣಿಸಿಕೊಂಡೇ ತಿಂದ. ದಿನವೂ ತಿಂದ.

ಪಂದ್ಯದ ಬೆಳಗ್ಗೆ ಈರುಳ್ಳಿ ತೂಗುವ ಮಿಷನ್ ಮೇಲೆ ಹುಡುಗರನ್ನು ನಿಲ್ಲಿಸಿದರಂತೆ. ಮಂಜ ಚಪ್ಪಲಿ ಬಿಟ್ಟ, ಬನೀನು ಬಿಚ್ಚಿದ, ಕೊನೆಗೆ ಉಸಿರನ್ನೂ ಪೂರ್ತಿ ಹೊರಗೆ ಬಿಟ್ಟು ನಿಂತ. ಮುಳ್ಳು ಅರವತ್ತರ ಕೆಳಗೆ ಇಳಿಯಲಿಲ್ಲ. "ಲೇ, ಏನ್ ತಿಂದ್ಯೋ?" ಎಂದು ಕ್ಯಾಪ್ಟನ್ ರೇಗಿದ. "ಒಂದೇ ಮುದ್ದೆ ಕಣಣ್ಣಾ, ಬೇಕಾದ್ರೆ ನಮ್ಮಕ್ಕನ್ನ ಕೇಳು." ದಿನವಿಡೀ ಗೆಳೆಯರ ನೀರಿನ ಬಾಟಲಿ ಹಿಡಿದು ಗೆರೆಯಾಚೆ ಕುಳಿತಿದ್ದನಂತೆ. ಸಂಜೆ ಅವನು ಇದನ್ನೆಲ್ಲ ಹೇಳುವಾಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಎರಡು ಸೇರಿಸಿ ಒಂದು ಮಾಡಿದ್ದನ್ನು ಬಾಯಿಬಿಟ್ಟೆ.

ಬಯ್ದಿದ್ದರೆ ಹಗುರವಾಗುತ್ತಿತ್ತು. ಅವನು ತಟ್ಟೆ ನೋಡುತ್ತಾ, "ಬೀರೂರಲ್ಲಿ ಇನ್ನೊಂದು ಪಂದ್ಯ ಐತೆ. ಇನ್ಮೇಲೆ ಮುದ್ದೆ ನಾನೇ ತಿರುವ್ತೀನಿ, ನೀನು ಆ ಕಡೆ ಕೂತ್ಕೊ" ಎಂದಷ್ಟೇ ಹೇಳಿದ.

ಸ್ಪ್ಯಾನರ್ ಹಿಡಿಯುವ ಕೈ. ಮುದ್ದೆ ಹೊರಗೆ ಕಲ್ಲು, ಒಳಗೆ ಹಸಿ ಹಿಟ್ಟಿನ ಗಂಟು. ಮಾಡಿದ ತಪ್ಪಿಗೆ ಇದೇ ಸರಿ ಎಂದು ನಾನೂ ಅದನ್ನೇ ನುಂಗಿದೆ. ಒಂದಕ್ಕಿಂತ ಹೆಚ್ಚು ಇಬ್ಬರಿಗೂ ಇಳಿಯುತ್ತಿರಲಿಲ್ಲ. ಕಾಳಿನ ಮೇಲೆ, ಮೊಸರಿನ ಮೇಲೆ ದಿನ ತಳ್ಳಿದೆವು. ಬೀರೂರಿನಲ್ಲಿ ತೂಕ ಸರಿಯಾಗಿ ಬಂತು. ಆಡಿದ, ಗೆದ್ದ, ಗಟ್ಟಿಯಾದ ತೋಳನ್ನು ಕೇರಿಗೆಲ್ಲ ತೋರಿಸಿಕೊಂಡು ಮನೆಗೆ ಬಂದ.

ಈಗ ನನ್ನ ರವಿಕೆಗಳೂ ಸಡಿಲ. ಮೊನ್ನೆ ಪಕ್ಕದ ಮನೆಯ ಗಿರಿಜಕ್ಕ ಬಾಗಿಲಲ್ಲೇ ತಡೆದು, "ಅದೇನ್ ಡಯಟ್ ಮಾಡ್ದೆ, ನಮಗೂ ಹೇಳೇ" ಎಂದಳು. ನಿಜ ಹೇಳಿದರೆ ತಮ್ಮನ ಅಡುಗೆಯ ಮರ್ಯಾದೆ ಹೋಗುತ್ತದೆ. "ಏನಿಲ್ಲ ಗಿರಿಜಕ್ಕ, ತಿನ್ನೋರ ಮನಸ್ಸು ಗಟ್ಟಿ ಇರ್ಬೇಕು ಅಷ್ಟೆ" ಎಂದೆ. ಒಳಗೆ ಒಲೆಯ ಮುಂದಿದ್ದ ಮಂಜ ಜೋರಾಗಿ ಕೆಮ್ಮಿದ.