ಫಿಟ್ಟರನ್ನು ಮುಂದಕ್ಕೆ ಹಾಕುವ ಬಗ್ಗೆ

ನೀರು ಸರಬರಾಜು ಮಂಡಳಿಯ ಫುಟ್‌ಬಾಲ್ ತಂಡವು ಕಳೆದ ಸೀಸನ್ನಿನಲ್ಲಿ ಹದಿನಾಲ್ಕು ಪಂದ್ಯಗಳನ್ನು ಆಡಿ, ಹದಿನಾಲ್ಕನ್ನೂ ಸೋತು, ಹದಿನೈದು ತಂಡಗಳ ಪೈಕಿ ಹದಿನೈದನೆಯ ಸ್ಥಾನವನ್ನು ಸತತ ಒಂಬತ್ತನೆಯ ವರ್ಷವೂ ಉಳಿಸಿಕೊಂಡಿತು. ನಮ್ಮ ಲೆಕ್ಕಕ್ಕೆ ಬಂದ ಗೋಲುಗಳು ಎರಡು. ಅವುಗಳಲ್ಲಿ ಒಂದನ್ನು ಎದುರಾಳಿಯೇ ದಿಕ್ಕು ತಪ್ಪಿ ತನ್ನ ಗೋಲಿಗೆ ಹೊಡೆದುಕೊಂಡಿದ್ದ. ಇದೆಲ್ಲ ಕಡತದಲ್ಲಿದೆ; ಯಾರು ಬೇಕಾದರೂ ಅರ್ಜಿ ಹಾಕಿ ನೋಡಬಹುದು.

ಮುಂದಿನ ಸೀಸನ್ನಿನಲ್ಲಾದರೂ ತಂಡ ಸುಧಾರಿಸುವುದೇ ಎಂದು ಕಾರ್ಯದರ್ಶಿಗಳು ಕೋಚ್‌ಗೆ ಬರೆದು ಕೇಳಿದರು. ಈ ಮಂಡಳಿಯಲ್ಲಿ ಸಿಬ್ಬಂದಿ ಶಾಖೆಯನ್ನು ದಾಟದೆ ಯಾವ ಕಾಗದವೂ ಎಲ್ಲಿಗೂ ಹೋಗುವುದಿಲ್ಲ. ಸಿಬ್ಬಂದಿ ಶಾಖೆಯ ಹೆಡ್‌ಕ್ಲಾರ್ಕ್ ನಾನು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಚೆಂಡನ್ನು ಒದ್ದವನಲ್ಲ. ಒದೆಯುವ ಅಗತ್ಯವೂ ಬಿದ್ದಿಲ್ಲ.

ಕೋಚ್‌ನ ಉತ್ತರ ನನ್ನ ಮೇಜಿಗೆ ಬಂತು. ಮೂರೇ ಸಾಲು. "ಹಿಂದೆ ಆಡುತ್ತಿರುವ ಫಿಟ್ಟರನ್ನು ಮುಂದಕ್ಕೆ ಹಾಕಬೇಕು. ಮುಂದೆ ಆಡುತ್ತಿರುವ ಮೀಟರ್ ವಿಭಾಗದ ಅಧೀಕ್ಷಕರನ್ನು ಹಿಂದಕ್ಕೆ ಹಾಕಬೇಕು. ಇಷ್ಟು ಮಾಡಿದರೆ ತಂಡ ಗೆಲ್ಲುತ್ತದೆ." ಉಲ್ಲೇಖವಿಲ್ಲ, ದಿನಾಂಕವಿಲ್ಲ, ಕೆಳಗೆ ಬೆವರಿನ ಕಲೆ ಬೇರೆ. ಇಂಥ ಕಾಗದ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆದರೂ ಕರ್ತವ್ಯ ಕರ್ತವ್ಯವೇ. ನಮ್ಮ ಶಾಖೆಯಲ್ಲಿ 'ಮುಂದಕ್ಕೆ ಹಾಕುವುದು' ಎಂದರೆ ಎರಡೇ ಅರ್ಥ. ಕಡತವಾದರೆ ನಾಳೆಗೆ; ನೌಕರನಾದರೆ ಮುಂಬಡ್ತಿ. ಫಿಟ್ಟರ್ ಕಡತವಲ್ಲ. ಆದ್ದರಿಂದ ಇದು ಮುಂಬಡ್ತಿಯ ಪ್ರಸ್ತಾವ ಎಂದು ದಾಖಲಿಸಿಕೊಂಡೆ. ಅಧೀಕ್ಷಕರದು ಹಿಂಬಡ್ತಿಯ ಪ್ರಸ್ತಾವ. ಹಿಂಬಡ್ತಿಗೆ ಇಲಾಖಾ ವಿಚಾರಣೆ ನಡೆಯಬೇಕು. ಅವರ ಮೇಲಿನ ಆರೋಪವೇನು ಎಂದು ತಿಳಿಸುವಂತೆ ಕೋಚ್‌ಗೆ ಜ್ಞಾಪನ ಕಳಿಸಿದೆ.

ಕೋಚ್ ಜ್ಞಾಪನ ಹಿಡಿದುಕೊಂಡು ದುಮುದುಮು ಅನ್ನುತ್ತಾ ಬಂದ.

"ಆರೋಪ ಏನೂ ಇಲ್ಲ ಸಾರ್. ಅವರಿಗೆ ಐವತ್ತೇಳು ವರ್ಷ. ಎರಡು ಮಂಡಿಗೂ ಪಟ್ಟಿ. ಓಡಕ್ಕಾಗಲ್ಲ."

"ಓಡಕ್ಕಾಗಲ್ಲ ಅನ್ನೋದು ದುರ್ನಡತೆಯೇನ್ರೀ? ಹಾಗಾದ್ರೆ ಈ ಕಚೇರೀಲಿ ಯಾರು ಉಳೀತಾರೆ?"

"ಸಾರ್, ಇದು ನೌಕರಿ ವಿಷಯ ಅಲ್ಲ. ಮೈದಾನದಲ್ಲಿ ಅವರು ಒಂದಿಪ್ಪತ್ತು ಗಜ ಹಿಂದೆ ನಿಲ್ಲಬೇಕು, ಇವನು ಒಂದಿಪ್ಪತ್ತು ಗಜ ಮುಂದೆ. ಅಷ್ಟೇ."

"ಮೂವತ್ತೊಂದು ವರ್ಷ ಸರ್ವೀಸ್ ಆದವರು ದಿನಗೂಲಿಯವನ ಹಿಂದೆ ನಿಲ್ಲಬೇಕಾ?" ಎಂದು ಕೇಳಿದೆ. ಕೋಚ್ ತಲೆ ಕೆರೆದುಕೊಂಡ. ಬುದ್ಧಿಯಿದ್ದವನಿಗೆ ಅಲ್ಲೇ ಅರ್ಥವಾಗಬೇಕಿತ್ತು.

ಈ ಫಿಟ್ಟರ್ ವಿಷಯವನ್ನೂ ಹೇಳಿಬಿಡುತ್ತೇನೆ. ಇಪ್ಪತ್ತೊಂಬತ್ತು ವರ್ಷದವ, ಏಳು ವರ್ಷದಿಂದ ದಿನಗೂಲಿ, ಒಡೆದ ಪೈಪು ಎಲ್ಲಿದ್ದರೂ ಇವನನ್ನೇ ಕರೆಯುತ್ತಾರೆ. ಮಂಡಳಿಯ ಕ್ರೀಡಾ ನಿಯಮ ಹನ್ನೊಂದರ ಪ್ರಕಾರ ಒಂದು ಸೀಸನ್ನಿನಲ್ಲಿ ಐದು ಗೋಲು ಹೊಡೆದ ದಿನಗೂಲಿ ನೌಕರನನ್ನು ಖಾಯಂ ಮಾಡತಕ್ಕದ್ದು. ಹಿಂದೆ ನಿಂತವನು ಐದು ಗೋಲು ಹೊಡೆಯುವುದು ಹೇಗೆ? ಹೆಂಡತಿ ಏಳು ತಿಂಗಳ ಬಸುರಿ. ಇರುವುದು ಮಾವನ ಮನೆಯಲ್ಲಿ. ಊಟಕ್ಕೆ ಕೂತಾಗೆಲ್ಲ ಮಾವ, "ಏನಳಿಯಂದ್ರೇ, ಆರ್ಡರ್ ಬಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನೀರು ಕುಡಿಯುತ್ತಾರಂತೆ. ಇದನ್ನೆಲ್ಲ ಅವನು ನನ್ನ ಮೇಜಿನ ಮುಂದೆ ನಿಂತು, ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೇಳಿದ. "ಒಂದೇ ಒಂದು ಸೀಸನ್ ಮುಂದೆ ಹಾಕಿ ಸಾರ್, ಐದಲ್ಲ ಹದಿನೈದು ಹೊಡೀತೀನಿ" ಎಂದ. ಹೊಡೆಯುತ್ತಿದ್ದನೇನೋ. ಅದು ನನ್ನ ಶಾಖೆಗೆ ಸಂಬಂಧಿಸಿದ್ದಲ್ಲ.

ಮುಂಬಡ್ತಿ ಎಂದ ಮೇಲೆ ಜ್ಯೇಷ್ಠತಾ ಪಟ್ಟಿಯನ್ನು ನೋಡಲೇಬೇಕು. ನೋಡಿದೆ. ದಿನಗೂಲಿಯವರ ಹೆಸರು ಪಟ್ಟಿಯಲ್ಲಿರುವುದಿಲ್ಲವಾದ್ದರಿಂದ ಫಿಟ್ಟರ್ ಮುಂಬಡ್ತಿಗೆ ಅರ್ಹನಲ್ಲ. ಆದರೆ ಪಟ್ಟಿಯ ಮೇಲ್ಭಾಗದಲ್ಲಿ, ಇಷ್ಟು ವರ್ಷ ಸೇವೆ ಸಲ್ಲಿಸಿಯೂ ಫಾರ್ವರ್ಡ್ ಹುದ್ದೆ ಸಿಗದೆ ಕೊರಗುತ್ತಿದ್ದ ಎಂಟು ಮಂದಿ ಹಿರಿಯರು ಕಣ್ಣಿಗೆ ಬಿದ್ದರು. ಅನ್ಯಾಯ ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಕೂಡಲೇ ಆದೇಶ ಹೊರಡಿಸಲಾಯಿತು:

"ಮಂಡಳಿಯ ಫುಟ್‌ಬಾಲ್ ತಂಡದ ಮುಂದಿನ ಸಾಲಿನ ಹುದ್ದೆಗಳನ್ನು ಇನ್ನು ಮುಂದೆ ಸೇವಾ ಜ್ಯೇಷ್ಠತೆಯ ಆಧಾರದ ಮೇಲೆ ಮಾತ್ರ ತುಂಬತಕ್ಕದ್ದು. ಮೀಟರ್ ವಿಭಾಗದ ಅಧೀಕ್ಷಕರು ಹಾಗೂ ಕೆಳಕಂಡ ಎಂಟು ಮಂದಿ ಫಾರ್ವರ್ಡ್‌ಗಳಾಗಿ ನಿಯುಕ್ತಿಗೊಂಡಿರುತ್ತಾರೆ. ಚೆಂಡು ಕಿರಿಯರಿಂದ ಹಿರಿಯರಿಗೆ ಸೂಕ್ತ ಮಾರ್ಗದ ಮೂಲಕವೇ ಸಲ್ಲಿಕೆಯಾಗತಕ್ಕದ್ದು. ಗೋಲ್‌ಕೀಪರ್ ಹುದ್ದೆಯನ್ನು ಟೆಲಿಫೋನ್ ಆಪರೇಟರ್ ಹೆಚ್ಚುವರಿ ಪ್ರಭಾರದಲ್ಲಿ ನಿರ್ವಹಿಸತಕ್ಕದ್ದು. ಫಿಟ್ಟರ್ ಈಗಿರುವಲ್ಲೇ ಮುಂದುವರಿಯತಕ್ಕದ್ದು."

ಒಂಬತ್ತು ಫಾರ್ವರ್ಡ್, ಒಬ್ಬ ಗೋಲ್‌ಕೀಪರ್, ಹಿಂದೆ ಒಬ್ಬ ಫಿಟ್ಟರ್. ಒಟ್ಟು ಹನ್ನೊಂದು, ಒಂದು ಹುದ್ದೆಯೂ ಖಾಲಿಯಿಲ್ಲ. ಆದೇಶ ಓದಿ ಕೋಚ್ ಬೆಂಚಿನ ಮೇಲೆ ಕುಸಿದು ಕೂತ. ಅವನಿಗೆ ನೀರು ಕೊಡಿಸಿದ್ದು ನಾನೇ.

ಹೊಸ ಸೀಸನ್ನಿನ ಮೊದಲ ಪಂದ್ಯ ಅಂಚೆಯವರ ತಂಡದ ಮೇಲೆ. ಒಂಬತ್ತು ಮಂದಿ ಫಾರ್ವರ್ಡ್‌ಗಳು ಸೇವೆಗೆ ಸೇರಿದ ದಿನಾಂಕದ ಪ್ರಕಾರ ಸಾಲಾಗಿ ನಿಂತಾಗ ಕಣ್ಣು ತುಂಬಿ ಬಂತು. ಫಿಟ್ಟರ್ ಹಿಂದಿನಿಂದ ಚೆಂಡು ಕೊಟ್ಟ. ಒಂಬತ್ತನೆಯವರು ಎಂಟನೆಯವರಿಗೆ ಕಳಿಸಿದರು, ಎಂಟನೆಯವರು ಏಳನೆಯವರಿಗೆ. ಐದನೆಯವರು ಆಗ ಚಪ್ಪರದ ಕೆಳಗೆ ಕಾಫಿ ಕುಡಿಯುತ್ತಿದ್ದರು. ಅವರನ್ನು ಬಿಟ್ಟು ನಾಲ್ಕನೆಯವರಿಗೆ ಕೊಡುವಂತಿಲ್ಲವಾದ್ದರಿಂದ ಆರನೆಯವರು ಚೆಂಡಿನ ಮೇಲೆ ಕಾಲಿಟ್ಟು ಕಾದರು. ಅಂಚೆಯವರಿಗೆ ಸಂಸ್ಕಾರವೆಲ್ಲಿಂದ ಬರಬೇಕು? ಕಾಲ ಕೆಳಗಿಂದಲೇ ಕಿತ್ತುಕೊಂಡು ಓಡಿದರು.

ಟೆಲಿಫೋನ್ ಆಪರೇಟರ್ ಗೋಲಿನ ಮುಂದೆ ಕೈಕಟ್ಟಿ ನಿಂತಿದ್ದ. ಪ್ರಭಾರದಲ್ಲಿರುವವರು ಯಾವುದನ್ನೂ ತಡೆಹಿಡಿಯುವಂತಿಲ್ಲ. ತಡೆಹಿಡಿಯುವ ಅಧಿಕಾರ ಖಾಯಂ ಹುದ್ದೆಯವರಿಗೆ ಮಾತ್ರ. ಅವನು ನಿಯಮ ಬಲ್ಲವನು. ಬಂದದ್ದನ್ನೆಲ್ಲ ಒಳಗೆ ಬಿಟ್ಟು ಸಮಯ ಬರೆದುಕೊಂಡ. ಪಂದ್ಯವನ್ನು ಒಂಬತ್ತು-ಸೊನ್ನೆಯಲ್ಲಿ ಸೋತೆವು. ಒಂದೇ ಒಂದು ದೂರು ಬರಲಿಲ್ಲ.

ಹೀಗೆ ಮೂರು ಪಂದ್ಯಗಳು ಸುಸೂತ್ರವಾಗಿ ನಡೆದವು. ನಾಲ್ಕನೆಯದು ಸಾರಿಗೆಯವರ ಮೇಲೆ. ಅರ್ಧ ಆಟ ಮುಗಿಯುವಷ್ಟರಲ್ಲಿ ನಾಲ್ಕು ಗೋಲು ಹಿಂದಿದ್ದೆವು. ಅಂದು ಬೆಳಿಗ್ಗೆ ಫಿಟ್ಟರ್‌ನ ಮಾವ ಪ್ರಶ್ನೆ ಕೇಳಿರಲಿಲ್ಲವಂತೆ. ಅಳಿಯನ ಮುಖ ನೋಡಿ ನಕ್ಕರಂತೆ. ಫಿಟ್ಟರ್‌ಗೆ ಏನಾಯಿತೋ, ಚೆಂಡು ಕಾಲಿಗೆ ಸಿಕ್ಕಿದ್ದೇ ತಡ, ಯಾರಿಗೂ ಕೊಡದೆ ಹೊರಟುಬಿಟ್ಟ. ಮಧ್ಯದ ಗೆರೆ ದಾಟಿದ. ಒಂಬತ್ತನೆಯವರನ್ನು ದಾಟಿದ, ಎಂಟನೆಯವರನ್ನು ದಾಟಿದ, ನಮಸ್ಕಾರವನ್ನೂ ಹೇಳದೆ ಸಾಕ್ಷಾತ್ ಅಧೀಕ್ಷಕರನ್ನೇ ದಾಟಿಕೊಂಡು ಹೋಗಿ ಗೋಲು ಹೊಡೆದ. ಅಷ್ಟಕ್ಕೇ ನಿಲ್ಲಿಸಿದನೇ? ಇಲ್ಲ. ಮತ್ತೆ ನಾಲ್ಕು ಹೊಡೆದ. ಐದು-ನಾಲ್ಕು.

ನಾವು ಗೆದ್ದಿದ್ದೆವು. ಜನ ಹುಚ್ಚೆದ್ದು ಕುಣಿದರು. ಕೋಚ್ ಅವನನ್ನು ತಬ್ಬಿಕೊಂಡು ಮಕ್ಕಳ ಹಾಗೆ ಅತ್ತ. ಹೆಂಡತಿ ಹೊಟ್ಟೆ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತು, "ರೀ, ಐದಾಯ್ತು! ಐದಾಯ್ತು ಕಣ್ರೀ!" ಎಂದು ಕೂಗುತ್ತಿದ್ದಳು. ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದವನು ನಾನೊಬ್ಬನೇ.

ಮರುದಿನ ಹತ್ತೂವರೆಗೆ ಫಿಟ್ಟರ್‌ಗೆ ಕಾರಣ ಕೇಳಿ ನೋಟಿಸ್ ಕೊಡಲಾಯಿತು. ಪೂರ್ವಾನುಮತಿಯಿಲ್ಲದೆ ಮಧ್ಯದ ಗೆರೆ ದಾಟಿದ್ದು, ಒಂಬತ್ತು ಮಂದಿ ಮೇಲಧಿಕಾರಿಗಳನ್ನು ಮೀರಿ ಹೋಗಿದ್ದು, ತನ್ನದಲ್ಲದ ಕೆಲಸವನ್ನು ಐದು ಬಾರಿ ಮಾಡಿದ್ದು. ಇನ್ನು ಆ ಐದು ಗೋಲುಗಳ ವಿಲೇವಾರಿಯಾಗಬೇಕಿತ್ತು. ಕೈಕೆಳಗಿನವರು ಬರೆದದ್ದು ಮೇಲಿನವರ ಸಹಿಯಲ್ಲಿ ಹೋಗುವುದು ಎಲ್ಲ ಕಚೇರಿಗಳ ಪದ್ಧತಿ. ಹಾಗಾಗಿ ಐದನ್ನೂ ಅಧೀಕ್ಷಕರ ಹೆಸರಿಗೆ ದಾಖಲಿಸಿದೆವು. ಪಂದ್ಯದ ನಂತರ ಪೂರ್ತಿ ಎರಡು ದಿನ ಅವರು ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು, "ಐದು ಹೊಡೆದ್ರೆ ನೋವಾಗದೆ ಇರುತ್ತಾ?" ಎಂದು ಎಲ್ಲರಿಗೂ ಹೇಳಿದರು.

ಕೋಚ್ ಕಾರ್ಯದರ್ಶಿಗಳ ಕೊಠಡಿಗೇ ನುಗ್ಗಿದ. ಕಡತ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಸಾರ್, ಒಂಬತ್ತು ವರ್ಷದಲ್ಲಿ ಮೊದಲ್ನೇ ಸಲ ಗೆದ್ದಿದೀವಿ! ಆ ಹುಡುಗನ ಹೊಟ್ಟೆ ಮೇಲೆ ಹೊಡೀಬೇಡಿ."

ಕಾರ್ಯದರ್ಶಿಗಳು ಸಂಭಾವಿತರು. ಕನ್ನಡಕ ತೆಗೆದು ಒರೆಸಿಕೊಂಡರು. "ಗೆಲುವಿಗೆ ನಮ್ಮ ಆಕ್ಷೇಪಣೆ ಏನೂ ಇಲ್ಲಪ್ಪ. ಆದ್ರೆ ಇವತ್ತು ಒಬ್ಬ ಫಿಟ್ಟರ್ ಗೆರೆ ದಾಟ್ತಾನೆ, ನಾಳೆ ಎಲ್ಲರೂ ಕೆಲಸ ಮಾಡಕ್ಕೆ ಶುರು ಮಾಡ್ತಾರೆ. ಆಮೇಲೆ ಹಿಡಿಯೋರು ಯಾರು?"

ಆದರೂ ಅವರದು ಮೃದು ಮನಸ್ಸು. ಫಿಟ್ಟರ್ ಮುಚ್ಚಳಿಕೆ ಬರೆದುಕೊಡಬೇಕು. ಉಳಿದ ಪಂದ್ಯಗಳಲ್ಲಿ ಗೆರೆ ದಾಟದೆ ಇದ್ದರೆ, ಶಿಸ್ತಿನ ಆಧಾರದ ಮೇಲೆ ಅವನನ್ನು ಖಾಯಂ ಮಾಡುವ ವಿಷಯವನ್ನು ಪರಿಶೀಲಿಸಲಾಗುವುದು ಎಂದರು. ಮುಚ್ಚಳಿಕೆಯನ್ನು ನಾನೇ ಹೇಳಿ ಬರೆಸಿದೆ. 'ದಾಟುವುದಿಲ್ಲ' ಎನ್ನುವ ಕಡೆ ಅವನ ಪೆನ್ನು ನಿಂತಿತು. ಕಿಟಕಿಯ ಕಡೆ ನೋಡಿದ.

"ಗೆರೆ ಮೇಲೆ ಕಾಲಿಡಬಹುದಾ ಸಾರ್?"

"ಕಾಲಿಡಬಹುದು. ದಾಟಬಾರದು."

ಬರೆದು ಸಹಿ ಹಾಕಿದ. ಅಕ್ಷರ ದುಂಡಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಆಮೇಲಿನ ಪಂದ್ಯಗಳನ್ನು ಕ್ರಮಬದ್ಧವಾಗಿ ಸೋಲಲಾಯಿತು. ಕೊನೆಯ ಪಂದ್ಯ ಬಂತು. ಅಷ್ಟರಲ್ಲಿ ಫಿಟ್ಟರ್ ಮನೆಯಲ್ಲಿ ಹೆಣ್ಣುಮಗುವಾಗಿತ್ತು. ನಮಗಿಂತ ಒಂದೇ ಪಾಯಿಂಟ್ ಮೇಲಿದ್ದ ಮುದ್ರಣಾಲಯದವರು ಅಂದು ನಮ್ಮ ಎದುರಾಳಿಗಳು. ಗೆದ್ದರೆ ಹದಿನಾಲ್ಕನೆಯ ಸ್ಥಾನ, ಇಲ್ಲದಿದ್ದರೆ ಯಥಾಪ್ರಕಾರ. ಮುದ್ರಣಾಲಯದವರು ನಮಗಿಂತ ಕೈಲಾಗದವರು. ಎದುರಿಗೆ ಬರೀ ಗಾಳಿಯನ್ನು ತಡೆಯುವ ಗೋಲ್‌ಕೀಪರ್ ಇದ್ದರೂ ಅವರಿಂದ ಒಂದು ಗೋಲೂ ಆಗಲಿಲ್ಲ. ಸೊನ್ನೆ-ಸೊನ್ನೆ.

ಇನ್ನು ಅರ್ಧ ನಿಮಿಷವಿರುವಾಗ ಅವರು ಹನ್ನೊಂದೂ ಜನ ಗೋಲ್‌ಕೀಪರ್ ಸಮೇತ ನಮ್ಮ ಕಡೆಗೆ ನುಗ್ಗಿದರು. ಹೊಡೆದ ಚೆಂಡು ಕಂಬಕ್ಕೆ ಬಡಿದು ಫಿಟ್ಟರ್ ಕಾಲಿಗೆ ಬಂತು. ಅವನು ತಿರುಗಿದ, ಓಡಿದ. ಎದುರಿಗೆ ಯಾರೂ ಇಲ್ಲ. ಗೋಲು ಬಾಯಿ ತೆರೆದುಕೊಂಡು ಖಾಲಿ ಬಿದ್ದಿತ್ತು. ಇಡೀ ಮೈದಾನ ಎದ್ದು ನಿಂತಿತು. "ಹೋಗೋ! ಹೋಗೋ ಮಾರಾಯ!" ಎಂದು ಕೋಚ್ ಗಂಟಲು ಹರಿಯುವಂತೆ ಕೂಗಿದ.

ಫಿಟ್ಟರ್ ಮಧ್ಯದ ಗೆರೆಯವರೆಗೆ ಬಂದ. ಗೆರೆಯ ಮೇಲೆ ಕಾಲಿಟ್ಟ. ನಿಂತ.

ಚೆಂಡನ್ನು ಪಾದದ ಕೆಳಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದ. ಅನುಮತಿ ಕೊಡುವ ಅಧಿಕಾರ ನನಗಿಲ್ಲ. ನಾನು ಕಾರ್ಯದರ್ಶಿಗಳ ಕಡೆ ನೋಡಿದೆ. ಲಿಖಿತ ಕೋರಿಕೆ ಬಂದಿಲ್ಲವಾದ್ದರಿಂದ ಅವರು ಆಕಾಶದ ಕಡೆ ನೋಡಿದರು. ಅಷ್ಟರಲ್ಲಿ ರೆಫರಿ ಸೀಟಿ ಊದಿದ. ನಾವು ಹದಿನೈದನೆಯ ಸ್ಥಾನದಲ್ಲಿ ಉಳಿದೆವು.

ಮೊದಲು ಚಪ್ಪಾಳೆ ತಟ್ಟಿದವರು ಅಧೀಕ್ಷಕರು. ಆಮೇಲೆ ಉಳಿದ ಎಂಟು ಮಂದಿ, ಆಮೇಲೆ ಇಡೀ ಮಂಡಳಿ. ಬೇಲಿಯ ಹತ್ತಿರ ಮಗುವನ್ನು ಎತ್ತಿಕೊಂಡಿದ್ದ ಮಾವನೂ ತಟ್ಟಿದರು. ಕಾರ್ಯದರ್ಶಿಗಳು ಮೈದಾನದಲ್ಲೇ ಖಾಯಂ ಆದೇಶಕ್ಕೆ ಸಹಿ ಹಾಕಿದರು.

ಕೋಚ್ ಮಾತ್ರ ಕೆಂಗಣ್ಣು ಬಿಟ್ಟುಕೊಂಡು ಅವನ ಹತ್ತಿರ ಹೋದ. "ಯಾಕೋ ನಿಂತೆ? ಒಂದೇ ಒಂದು ಒದೆ ಕಣೋ! ಮಗು ಒದ್ದಿದ್ರೂ ಗೋಲಾಗ್ತಿತ್ತು!"

"ಬಿಡಿ ಸಾರ್, ನಾನೀಗ ಪರ್ಮನೆಂಟು" ಎಂದ ಫಿಟ್ಟರ್. ಆದೇಶವನ್ನು ನಾಲ್ಕಾಗಿ ಮಡಚಿ ಬನಿಯನ್ನಿನ ಒಳಗಿಟ್ಟುಕೊಂಡ. "ಪಟ್ಟಿಗೆ ನನ್ನ ಹೆಸರೂ ಬಂತು. ಮುನ್ನೂರ ಹನ್ನೆರಡನೇ ನಂಬರು. ವರ್ಷಕ್ಕೆ ಹನ್ನೆರಡು ಜನ ರಿಟೈರ್ ಆಗ್ತಾರೆ. ಇಪ್ಪತ್ತಾರು ವರ್ಷಕ್ಕೆ ಫಾರ್ವರ್ಡ್ ಆಗೇ ಆಗ್ತೀನಿ ಸಾರ್. ಆಗ ಹೊಡೀತೀನಿ ನೋಡಿ."

ಕೋಚ್ ಅವನ ಬೂಟಿನ ಕಡೆ ನೋಡಿದ. ಹೊರಟುಹೋದ.

ಒಂದು ವಾರದ ನಂತರ ಮುಂದಿನ ಸೀಸನ್ನಿನ ಬಗ್ಗೆ ಕೋಚ್‌ನ ಟಿಪ್ಪಣಿ ಬಂತು. ಈ ಸಲ ಉಲ್ಲೇಖವಿತ್ತು, ದಿನಾಂಕವಿತ್ತು, ಕಾಗದ ಸ್ವಚ್ಛವಾಗಿತ್ತು. "ತಂಡದಲ್ಲಿ ಯಾವುದೇ ಬದಲಾವಣೆಯ ಅಗತ್ಯ ಕಂಡುಬರುವುದಿಲ್ಲ. ಫಿಟ್ಟರನ್ನು ಮುಂದಕ್ಕೆ ಹಾಕುವ ವಿಷಯವನ್ನು ಇಪ್ಪತ್ತಾರು ವರ್ಷ ಮುಂದಕ್ಕೆ ಹಾಕಬಹುದು. ತದನಂತರ ತಂಡ ಸುಧಾರಿಸುವ ಸಾಧ್ಯತೆಯಿದೆ ಎಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ."

ತಿದ್ದುವಂಥದ್ದು ಏನೂ ಇರಲಿಲ್ಲ. 'ಒಪ್ಪಿದೆ' ಎಂದು ಬರೆದು ಮೇಲಕ್ಕೆ ಕಳಿಸಿದೆ.