ಷಡ್ಡಕನ ಟ್ರಂಪೆಟ್ಟು, ನನ್ನ ಕಿವಿಯ ಹತ್ತಿ

ನನ್ನ ಷಡ್ಡಕನಿಗೆ ಎತ್ತಿಗೂ ಟ್ರಂಪೆಟ್ಟಿಗೂ ಇರುವ ವ್ಯತ್ಯಾಸ ಇವತ್ತಿಗೂ ಗೊತ್ತಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವನು ಟ್ರಂಪೆಟ್ ಕೊಂಡ ದಿನ ಅಂಗಡಿಯಲ್ಲಿ ಅವನ ಜೊತೆಗೇ ಇದ್ದವನು ನಾನು. ಇದ್ದೆ ಎನ್ನುವುದಕ್ಕಿಂತ, ಎರಡೂ ಕಿವಿಗೆ ಹತ್ತಿ ತುರುಕಿಸಿಕೊಂಡು, ಅದರ ಮೇಲೆ ಟವೆಲ್ ಸುತ್ತಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ ಎಂದರೆ ಹೆಚ್ಚು ಸರಿ. ಮರ್ಯಾದಸ್ಥ ಭೂಗೋಳದ ಉಪನ್ಯಾಸಕನೊಬ್ಬನಿಗೆ ಈ ಗತಿ ಹೇಗೆ ಬಂತು ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ.

ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಆನವಟ್ಟಿಯವನು. ಮೆಕ್ಕೆಜೋಳ, ಶುಂಠಿ ಬೆಳೆಯುತ್ತಾನೆ. ಆದರೆ ಅವನು ಹೆಸರಾಗಿರುವುದು ಎತ್ತು ಆರಿಸುವುದಕ್ಕೆ. ಸೊರಬದಿಂದ ಶಿಕಾರಿಪುರದವರೆಗೆ ಯಾರು ಎತ್ತು ಕೊಂಡರೂ, ಹೋರಿ ಬೆದರಿಸುವ ಹಬ್ಬಕ್ಕೆ ಯಾರು ಹೋರಿ ತಂದರೂ ಇವನು ಹೋಗಬೇಕು. ಸುಳಿ ನೋಡಬೇಕು, ಹಲ್ಲು ನೋಡಬೇಕು, ಬೆನ್ನು ಸವರಬೇಕು, ಕೊನೆಗೆ ಟವೆಲ್ಲಿನ ಮರೆಯಲ್ಲಿ ಮಾರುವವನ ಬೆರಳು ಒತ್ತಿ ಗುಟ್ಟಾಗಿ ಬೆಲೆ ತಿಳಿಸಿ ವ್ಯಾಪಾರ ಕುದುರಿಸಬೇಕು. ಇಂಥ ಮನುಷ್ಯನಿಗೂ ಶಾಸ್ತ್ರೀಯ ಸಂಗೀತಕ್ಕೂ ಎತ್ತಣಿಂದೆತ್ತ ಸಂಬಂಧ?

ಸಂಬಂಧ ನಮ್ಮ ಮಾವನವರ ಕಡೆಯಿಂದ ಬಂದದ್ದು. ಅವರು ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರಾಗಿದ್ದವರು. ಬೇರೆಯವರ ಮನೆಗಳಲ್ಲಿ ಹೆಣ್ಣು ನೋಡಲು ಹೋದರೆ ಹುಡುಗಿಯನ್ನು ಹಾಡಿಸುತ್ತಿದ್ದರು. ಇವರ ಮನೆಯಲ್ಲಿ ಹುಡುಗನನ್ನು ಹಾಡಿಸುತ್ತಿದ್ದರು! ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ ಹಾರ್ಮೋನಿಯಂ ಎಳೆದುಕೊಂಡು, ಸ್ವರದ ಒಂದು ಮನೆ ಒತ್ತಿ, "ಸ ಹಿಡೀರಿ ನೋಡಾಣ" ಎಂದರು. ಹೆದರಿಕೆಯಲ್ಲೇ ಹೇಗೋ ಹಿಡಿದೆ. "ಅಡ್ಡಿ ಇಲ್ಲ" ಎಂದರು. ಮುಂದೆ ಷಡ್ಡಕನ ಸರದಿ ಬಂತು. ಅವನು ಹಿಡಿದ ಸ ಹಾರ್ಮೋನಿಯಂನ ಯಾವ ಮನೆಯಲ್ಲೂ ಇರಲಿಲ್ಲ. ಆದರೆ ಹಿಡಿದದ್ದನ್ನು ಅವನು ಬಿಡಲೂ ಇಲ್ಲ. ಅತ್ತೆ ಒಳಗೆ ಹೋಗಿ ಲೋಟಗಳಿಗೆ ಕಾಫಿ ಬಗ್ಗಿಸಿ ತಂದರೂ ಅದೇ ಸ ಇನ್ನೂ ನಡೆದೇ ಇತ್ತು. ಮಾವನವರು ಹಾರ್ಮೋನಿಯಂ ಮುಚ್ಚಿ ತೀರ್ಪು ಕೊಟ್ಟರು: "ಶ್ರುತಿ ಇಲ್ಲ. ಉಸಿರು ಐತೆ. ಹುಡುಗಿ ಒಪ್ಪಿದ್ರೆ ಆಗ್ಲಿ." ಹುಡುಗಿ ಒಪ್ಪಿದಳು. ಉಸಿರಿಗೆ ಒಪ್ಪಿದಳೋ ಎತ್ತರಕ್ಕೆ ಒಪ್ಪಿದಳೋ ನನಗೆ ಗೊತ್ತಿಲ್ಲ.

ಅತ್ತೆ ತೀರಿಕೊಂಡ ಮೇಲೆ ಮಾವನವರು ಶಿಕಾರಿಪುರದ ನಮ್ಮ ಮನೆಯಲ್ಲೇ ಇದ್ದಾರೆ. ಈಚೆಗೆ ಅವರ ಕಿವಿ ಮಂದವಾಗುತ್ತಾ ಹೋಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದೆವು. ಅದರಲ್ಲಿ ಮಾತು ಕೇಳುತ್ತದೆ. ಆದರೆ ಯಾರಾದರೂ ಸಂಗೀತ ಹಚ್ಚಿದರೆ ಮಾವನವರು ಮಿಷನ್ ಕಿತ್ತು ಕನ್ನಡಕದ ಡಬ್ಬಿಗೆ ಹಾಕಿಬಿಡುತ್ತಾರೆ. "ಇದ್ರಾಗೆ ತಂಬೂರಿ ತಗಡು ಎಳೆದಂಗೆ ಕೇಳ್ತೈತೆ. ಹಿಂಗೆ ಕೇಳೋಕಿಂತ ಕೇಳ್ದೆ ಇರೋದೇ ವಾಸಿ" ಎಂದವರು ಹಾರ್ಮೋನಿಯಂಗೆ ಬಟ್ಟೆ ಹೊದಿಸಿ ಅಟ್ಟಕ್ಕೆ ಏರಿಸಿದರು. ಆಮೇಲೆ ನಮ್ಮ ಮನೆಯಲ್ಲಿ ಸಂಗೀತದ ಮಾತೇ ನಿಂತುಹೋಯಿತು.

ಹೀಗಿರುವಾಗ ಸೊರಬದಲ್ಲಿ ನೆಂಟರ ಮದುವೆ. ಮಾವನವರೂ ಸೇರಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ಬೀಗರನ್ನು ಕರೆತಂದ ಬ್ಯಾಂಡಿನವರು ಊಟದ ಮನೆಯ ಬಾಗಿಲಲ್ಲೇ ನಿಂತು ಊದತೊಡಗಿದರು. ಆಗ ಷಡ್ಡಕ ತಟ್ಟನೆ ಎದ್ದ. ಹೋಳಿಗೆ ಬಡಿಸುವ ಹೊತ್ತಿಗೆ ಎಲೆ ಬಿಟ್ಟು ಎದ್ದ ಮನುಷ್ಯನನ್ನು ನಾನು ನೋಡಿದ್ದು ಅವತ್ತೇ ಮೊದಲು! ನೇರವಾಗಿ ಹೋಗಿ ಟ್ರಂಪೆಟ್ ಊದುತ್ತಿದ್ದ ಕೆಂಪು ಕೋಟಿನವನ ತೋಳು ಹಿಡಿದುಕೊಂಡ. ಸಂಜೆಯ ಹೊತ್ತಿಗೆ ಘೋಷಣೆ ಹೊರಟಿತು.

"ಅಣ್ಣಾರೆ, ನಾನು ಇದನ್ನ ಕಲಿತೀನಿ. ಮಾವನೋರ ಮುಂದೆ ಭೂಪ ರಾಗ ನುಡಿಸ್ತೀನಿ."

"ಮಾವನವರಿಗೆ ಕೇಳಿಸಲ್ಲ ಮಾರಾಯ."

"ನೋಡಾಣ ಬಿಡ್ರಿ."

ಹೆಣ್ಣು ನೋಡಲು ಹೋದ ದಿನದ ಅವಮಾನವನ್ನು ತೊಳೆದುಕೊಳ್ಳಲು ಹೊರಟಿದ್ದಾನೆ ಎಂದೇ ಮನೆಯವರೆಲ್ಲ ತಿಳಿದೆವು. ಪರೀಕ್ಷೆ ಮಾಡುವವರ ಕಿವಿ ಹೋಗುವವರೆಗೆ ಕಾದು ಪರೀಕ್ಷೆಗೆ ಕೂರುವವನನ್ನು ಏನೆನ್ನಬೇಕು, ನೀವೇ ಹೇಳಿ!

ಕಲಿಸಲು ಒಪ್ಪಿದವನು ಆ ಕೆಂಪು ಕೋಟಿನವನೇ. ಅವನು ಮೊದಲಿಗೆ ಟ್ರಂಪೆಟ್ ಕೊಡಲೇ ಇಲ್ಲ. ತುಟಿಗಿಡುವ ಪುಟ್ಟ ಹಿತ್ತಾಳೆಯ ತುಂಡನ್ನಷ್ಟೇ ಕೊಟ್ಟು, ತುಟಿ ಅದುರಿಸುವುದನ್ನು ಕಲಿತುಕೊಂಡು ಬಾ ಎಂದ. ಷಡ್ಡಕ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ, ಗೊಬ್ಬರದಂಗಡಿಯ ಮುಂದೆ, ಮನಸ್ಸು ಬಂದಲ್ಲೆಲ್ಲ ಪುರ್ರ್ ಎನ್ನತೊಡಗಿದ. ಆನವಟ್ಟಿಯ ಸಂತೆಯಲ್ಲಿ ಎಮ್ಮೆಯೊಂದು ತನ್ನನ್ನೇ ಕರೆದರೆಂದು ತಿಳಿದು ಇವನ ಹಿಂದೆ ಹೊರಟಿದ್ದಕ್ಕೆ ಅದರ ಯಜಮಾನ ಜಗಳಕ್ಕೆ ಬಂದನಂತೆ.

ಆಮೇಲೆ ಬ್ಯಾಂಡಿನವರ ಹಳೆಯದೊಂದು ಟ್ರಂಪೆಟ್ ಕೈಗೆ ಬಂತು. ಮೈಯೆಲ್ಲ ನೆಗ್ಗಿದ್ದ ಅದನ್ನು ಅವನು ಮೊದಲ ಸಲ ಊದಿದ್ದು ಸ್ವಂತ ಹಿತ್ತಲಲ್ಲಿ. ಹಿತ್ತಲಲ್ಲಿ ಅವನ ಹೋರಿ ಇತ್ತು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರು ಮಾಡಿದ ಹೋರಿ ಅದು. ಹಬ್ಬದಲ್ಲಿ ಬ್ಯಾಂಡಿನ ಸದ್ದು ಕಿವಿಗೆ ಬಿದ್ದರೆ ಸಾಕು, ಓಡುವುದೇ ಅದರ ಕೆಲಸ. ಇವನು ಊದಿದ್ದೇ ತಡ, ಹಬ್ಬ ಬಂತೆಂದು ತಿಳಿದು ಹಗ್ಗ ಹರಿದುಕೊಂಡು, ಬೇಲಿ ಹಾರಿ, ಪಕ್ಕದವರ ಮೆಕ್ಕೆಜೋಳದ ನಡುವೆ ದಾರಿ ಮಾಡಿಕೊಂಡು ಪೆಟ್ರೋಲ್ ಬಂಕಿನವರೆಗೂ ಓಡಿತು. ಹಬ್ಬದ ದಿನ ಕಟ್ಟುವ ಕೊಬ್ಬರಿ ಸರ ಕೊರಳಲ್ಲಿ ಇಲ್ಲವಲ್ಲ ಎಂಬ ಅನುಮಾನವೂ ಅದಕ್ಕೆ ಬರಲಿಲ್ಲ. ಅಂತೂ ನಮ್ಮ ಕಲಾವಿದನ ಮೊದಲ ಶ್ರೋತೃವನ್ನು ನಾಲ್ಕು ಜನ ಸೇರಿ ಹಿಡಿದು ತರಬೇಕಾಯಿತು.

ಮನೆಯಲ್ಲಿ ಊದುವಂತಿಲ್ಲ ಎಂದಾದ ಮೇಲೆ ಬೈಕ್ ಹತ್ತಿ ಬಂದಳಿಕೆಗೆ ಹೋಗತೊಡಗಿದ. ಅಲ್ಲಿ ಪಾಳು ಗುಡಿಗಳು, ಶಾಸನದ ಕಲ್ಲುಗಳು. ಎಷ್ಟು ಅಪಸ್ವರ ಊದಿದರೂ ಎದ್ದು ಹೋಗುವವರಿಲ್ಲ. ಆದರೆ ನನ್ನ ಅದೃಷ್ಟ ನೋಡಿ. ನಮ್ಮ ಕಾಲೇಜಿನ ಹುಡುಗರು ಅವನು ಊದುತ್ತಿದ್ದ ದಿನವೇ ಅಲ್ಲಿಗೆ ಪ್ರವಾಸ ಹೋಗಬೇಕೇ? ಸೋಮವಾರ ನಾನು ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಅವರು ಅಲ್ಲಿ ತೆಗೆದ ವಿಡಿಯೋ ಮೊಬೈಲಿನಲ್ಲಿ ಪೀಂ ಎಂದಿತು. "ಸರ್, ಇವರು ನಿಮ್ಮ ಷಡ್ಡಕ ಅಂತೆ, ಹೌದಾ?" ಎಂದು ಹಿಂದಿನ ಬೆಂಚಿನವನು ವಿನಯದಿಂದ ಕೇಳಿದ. ಅವತ್ತು ಮಾನ್ಸೂನ್ ಮಾರುತಗಳ ಪಾಠ ನಡೆಯಲಿಲ್ಲ.

ಒಂದು ಭಾನುವಾರ ಆ ನೆಗ್ಗಿದ ಟ್ರಂಪೆಟ್ಟನ್ನು ನಮ್ಮ ಮನೆಗೇ ತಂದ. ನಾನು ಓಡಾಡಿ ಬೀದಿ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿದೆ. ಎದುರು ಮನೆಯವರು ಅದೇ ತಾನೇ ಮಗುವನ್ನು ಮಲಗಿಸಿದ್ದರು. ಪಕ್ಕದಲ್ಲಿ ನಮ್ಮ ಪ್ರಿನ್ಸಿಪಾಲರ ಮನೆ. ಮಾವನವರು ಆರಾಮಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು. ಟ್ರಂಪೆಟ್ ಕಂಡದ್ದೇ ಮಿಷನ್ ಕಿತ್ತು ಡಬ್ಬಿಗೆ ಹಾಕಿದರು. ಷಡ್ಡಕ ಎರಡು ಮಾರು ದೂರದಲ್ಲಿ ಕೂತು ಕೆನ್ನೆ ಕೆಂಪಾಗುವಂತೆ ಊದಿದ. ಮಾವನವರು ತಲೆಯೆತ್ತಿ ಮಗಳನ್ನು ಕರೆದು, "ಯಾರೋ ಲಾರಿ ರಿವರ್ಸ್ ತಗೊಳ್ತಾ ಅದಾರೆ, ಕಾಂಪೌಂಡ್ ನೋಡಮ್ಮ" ಎಂದರು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಷಡ್ಡಕ ನಗಲಿಲ್ಲ. "ಸದ್ದು ಮುಟ್ಟೈತೆ. ಸ್ವರ ಮುಟ್ಟಿಲ್ಲ. ಒಳ್ಳೆ ಟ್ರಂಪೆಟ್ ಬೇಕು ಅಣ್ಣಾರೆ" ಎಂದ. ತಪ್ಪನ್ನು ಹಿತ್ತಾಳೆಯ ಮೇಲೆ ಹಾಕುವುದು ಸುಲಭವಲ್ಲವೇ? ಆದರೆ ಅವನು ಮಾಡಿದ ಕೆಲಸ ಸುಲಭದ್ದಾಗಿರಲಿಲ್ಲ. ತನ್ನ ಆ ಹೆಸರಾಂತ ಹೋರಿಯನ್ನು ಮಾರಿಬಿಟ್ಟ. ಯಾಕೋ ಎಂದರೆ, "ಟ್ರಂಪೆಟ್ ಇರೋ ಮನೇಲಿ ಹೋರಿ ನಿಲ್ಲಲ್ಲ ಬಿಡ್ರಿ" ಎಂದು ಬೇರೆ ಕಡೆ ನೋಡಿದ. ಮಾರನೆಯ ವಾರ ನನ್ನನ್ನು ಎಳೆದುಕೊಂಡು ಹುಬ್ಬಳ್ಳಿಯ ಬಸ್ ಹತ್ತಿದ.

ಅಂಗಡಿಯ ಯಜಮಾನಿ ಐವತ್ತು ದಾಟಿದ ಗಂಭೀರ ಹೆಂಗಸು. "ಯಾತಕ್ಕ ಬೇಕ್ರಿ? ಮದುವಿ ಮೆರವಣಿಗಿಗೋ, ಶಾಸ್ತ್ರೀಯಕ್ಕೋ?" ಎಂದು ಕೇಳಿದರು.

"ಶಾಸ್ತ್ರೀಯ" ಎಂದು ಷಡ್ಡಕ ಎದೆಯುಬ್ಬಿಸಿದ.

"ಹಂಗಿದ್ರ ಬ್ಯಾರೆ ನೋಡಬೇಕ್ರಿ. ಮೆರವಣಿಗಿದು ಬರೇ ಕೂಗ್ತದ. ಶಾಸ್ತ್ರೀಯಕ್ಕ ಎಲ್ಲಾ ಸ್ವರ ಒಂದ ತೂಕದಾಗ ಬರಬೇಕು. ಸಣ್ಣಗ ಊದಿದ್ರೂ ಒಡೀಬಾರದು" ಎಂದು ಆರೇಳು ಪೆಟ್ಟಿಗೆಗಳನ್ನು ತೆರೆದಿಟ್ಟರು.

ಷಡ್ಡಕ ಯಾವುದನ್ನೂ ಊದಲಿಲ್ಲ. ಮೊದಲು ಮೇಜಿನ ಸುತ್ತ ಒಂದು ಸುತ್ತು ಬಂದ. ಒಂದೊಂದರ ಅಗಲ ಬಾಯಿಯೊಳಗೂ ಇಣುಕಿದ, ಬೆನ್ನು ಸವರಿದ, ಬೆರಳಿನಿಂದ ತಟ್ಟಿ ಕಿವಿ ಇಟ್ಟ. ಫಳಫಳ ಹೊಳೆಯುವ ಬೆಳ್ಳಿ ಬಣ್ಣದ್ದೊಂದನ್ನು ನೋಡಿ, "ಮೈ ಚೆಂದ ಐತೆ, ಗುಣ ಇಲ್ಲ" ಎಂದು ಬಿಟ್ಟ. ಇನ್ನೊಂದರ ಮೂರು ಗುಂಡಿಗಳನ್ನು ಒತ್ತಿ, "ಇದು ಮುಂಗಾಲು ಎಳೀತೈತೆ" ಎಂದು ಪಕ್ಕಕ್ಕೆ ಸರಿಸಿದ. ಯಜಮಾನಿ ತಾವೂ ಒತ್ತಿ ನೋಡಿ, "ಖರೇನ, ಮೊದಲನೇದು ಸ್ವಲ್ಪ ಬಿಗಿ ಅದ" ಎಂದುಬಿಟ್ಟರು! ಅವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ ರೀತಿಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಆಮೇಲೆ ಬಂತು ಹತ್ತಿ. ಮನೆಯಿಂದಲೇ ತಂದಿದ್ದ. ನನ್ನ ಕಿವಿಗಳಿಗೆ ತುರುಕಿ, ಮೇಲೆ ಟವೆಲ್ ಬಿಗಿದು, ಗೋಡೆಯ ಕಡೆ ತಿರುಗಿಸಿದ. ಸ ಕೇಳಿದರೆ ಒಂದು ಬೆರಳು, ರಿ ಕೇಳಿದರೆ ಎರಡು, ಗ ಆದರೆ ಮೂರು ಬೆರಳು ಎತ್ತಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದ. ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, "ಹೋರಿ ಹಬ್ಬದ ಗದ್ದಲದಾಗೂ ಸ್ವರ ಗೊತ್ತಾಗಬೇಕಲ್ರಿ" ಎಂದಿದ್ದ. ಗಿಟಾರ್ ನೋಡಲು ಬಂದಿದ್ದ ಗಂಡಹೆಂಡತಿ ನನಗೇನೋ ಚಿಕಿತ್ಸೆ ನಡೆಯುತ್ತಿದೆ ಎಂದುಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿದರು.

ಒಂದೊಂದೇ ಟ್ರಂಪೆಟ್ ಬಂದು ಬೆನ್ನಿಗೆ ಗುದ್ದಿ ಹೋಯಿತು. ಸದ್ದೇನೋ ಬರುತ್ತಿತ್ತು, ಆದರೆ ಸ ಯಾವುದು ರಿ ಯಾವುದು ದೇವರಿಗೇ ಗೊತ್ತು. ನಾನು ಅಂದಾಜಿನ ಮೇಲೆ ಬೆರಳೆತ್ತಿದೆ. ಬೆನ್ನ ಮೇಲೆ ಬಿದ್ದ ಏಟುಗಳಿಂದ ತಪ್ಪೆಂದು ತಿಳಿಯಿತು. ಕೊನೆಗೆ ಒಂದು ಬಂತು ನೋಡಿ. ಜೋರಾಗಿಯೂ ಇರಲಿಲ್ಲ. ಹತ್ತಿಯನ್ನು ದಾಟಿ, ಟವೆಲನ್ನು ದಾಟಿ, ಯಾರೋ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಸ ಎಂದರೆ ಸ, ರಿ ಎಂದರೆ ರಿ. ನನ್ನ ಬೆರಳುಗಳು ತಾವಾಗಿಯೇ ಎದ್ದವು. ತಿರುಗಿ ನೋಡಿದರೆ ಅವನ ಕೈಯಲ್ಲಿದ್ದದ್ದು ಎಲ್ಲಕ್ಕಿಂತ ಮಂಕು ಬಣ್ಣದ್ದು. "ನಮ್ಮ ಅಂಗಡ್ಯಾಗ ಇದ್ದದ್ರಾಗ ಅದ ಛಲೋದು" ಎಂದರು ಯಜಮಾನಿ.

ಉಳಿದದ್ದು ವ್ಯಾಪಾರ. ಟವೆಲ್ಲಿನ ಮರೆಯಿಲ್ಲದೆ ವ್ಯಾಪಾರ ಮಾಡಿ ಅವನಿಗೆ ಅಭ್ಯಾಸವಿಲ್ಲ. ಹೆಂಗಸಿನ ಕೈಯನ್ನು ಟವೆಲ್ಲಿನೊಳಗೆ ಹಿಡಿಯುವಂತಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ ನನ್ನ ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡು ಬೆರಳು ಒತ್ತಿದ. ಒತ್ತಿದ್ದನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಬೇಕಂತೆ! ಹಾಗಾದರೆ ಗುಟ್ಟು ಎಲ್ಲಿ ಉಳಿಯಿತು? ಯಜಮಾನಿ ಜೀವನದಲ್ಲಿ ಇಂಥದ್ದು ನೋಡಿರಲಿಲ್ಲವೆಂದು ಕಾಣುತ್ತದೆ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದಿಷ್ಟು ಬಿಟ್ಟುಕೊಟ್ಟರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಟ್ರಂಪೆಟ್ಟಿಗೆ ಸಿಕ್ಕಿತು. ನಾನು ಆನವಟ್ಟಿಯವರೆಗೂ ನಿಂತೇ ಬಂದೆ.

ಕೆಲವು ವಾರ ಅವನ ಸುದ್ದಿಯೇ ಇರಲಿಲ್ಲ. ಮತ್ತೊಂದು ಭಾನುವಾರ ಬೆಳಿಗ್ಗೆ ಬೈಕ್ ನಿಂತ ಸದ್ದಾಯಿತು. ನಾನು ಎಂದಿನಂತೆ ಬಾಗಿಲು, ಕಿಟಕಿ ಮುಚ್ಚಿದೆ. ಮಾವನವರು ಎಂದಿನಂತೆ ಮಿಷನ್ ಕಿತ್ತು ಡಬ್ಬಿಗೆ ಹಾಕಿ ಪತ್ರಿಕೆ ಎತ್ತಿಕೊಂಡರು. ಷಡ್ಡಕ ಟ್ರಂಪೆಟ್ಟಿನ ಬಾಯನ್ನು ಅವರ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಸ ಹಿಡಿದ. ಆ ಹಳೆಯ ಉಸಿರು ಇನ್ನೂ ಹಾಗೆಯೇ ಇತ್ತು. ಈಗ ಅದರೊಳಗೆ ಶ್ರುತಿಯೂ ಇತ್ತು.

ಪತ್ರಿಕೆ ಸ್ವಲ್ಪ ಕೆಳಗಿಳಿಯಿತು. ಅವನು ರಿಗೆ ಹೋದ. ಅಲ್ಲಿಂದ ಗ, ಪ, ದ ಎಂದು ಹತ್ತಿ ಮೇಲಿನ ಸ ಮುಟ್ಟಿ, ಬಂದ ದಾರಿಯಲ್ಲೇ ನಿಧಾನವಾಗಿ ಇಳಿದ. ಮತ್ತೆ ಗ, ಎಂದರೆ ಗಾಂಧಾರದ ಮೇಲೆ ನಿಂತ. ಪತ್ರಿಕೆ ಮಾವನವರ ಮಡಿಲಿಗೆ ಬಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ಗಾಂಧಾರ ಏರೈತೆ" ಎಂದರು ಮಾವನವರು. "ಇಳಿಸು."

ಷಡ್ಡಕ ಟ್ರಂಪೆಟ್ ಕೆಳಗಿಟ್ಟು ನನ್ನನ್ನು ನೋಡಿದ. ಅವನ ಕಣ್ಣು ತುಂಬಿತ್ತು. "ಬೈದ್ರು ಅಣ್ಣಾರೆ" ಎಂದ. ಸನ್ಮಾನದ ಶಾಲು ಹೊದಿಸಿಕೊಂಡವರ ದನಿಯಲ್ಲೂ ಅಂಥ ಸಂತೋಷವನ್ನು ನಾನು ಕೇಳಿಲ್ಲ.

"ಇವರಿಗೆ ಇದು ಕೇಳಿಸುತ್ತೆ ಅಂತ ನಿನಗೆ ಹೆಂಗೆ ಗೊತ್ತಾಯ್ತೋ?" ಎಂದೆ.

"ಸೊರಬದ ಮದುವೇಲಿ ಬ್ಯಾಂಡು ಬಾಗಿಲಿಗೆ ಬಂತಲ್ರಿ. ಆವಾಗ ಮಿಷನ್ ಡಬ್ಬೀಲಿದ್ರೂ ಮಾವನೋರ ಬೆರಳು ತೊಡೆ ಮ್ಯಾಲೆ ತಾಳ ಹಾಕ್ತಿತ್ತು. ನೀವು ಹೋಳಿಗೆ ನೋಡ್ತಿದ್ರಿ."

ನನ್ನ ಕಿವಿಗೆ ಯಾಕೆ ಹತ್ತಿ ಬಿತ್ತು ಎಂಬುದು ಆಗ ತಿಳಿಯಿತು. ಅವನು ತನ್ನ ಹೋರಿ ಕೊಟ್ಟು ಆರಿಸಿದ್ದು ತನಗೆ ಬೇಕಾದ ಟ್ರಂಪೆಟ್ಟನ್ನಲ್ಲ, ಮಾವನವರ ಕಿವಿಗೆ ಮುಟ್ಟುವ ಟ್ರಂಪೆಟ್ಟನ್ನು. ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅವನು ಎದುರಿಗಿಲ್ಲದಿದ್ದರೆ ಜೋರಾಗಿ ಅತ್ತುಬಿಡುತ್ತಿದ್ದೆ.

ನಮ್ಮ ಮಾತು ಮಾವನವರಿಗೆ ಕೇಳಿಸಲಿಲ್ಲ. ತುಟಿ ಅಲುಗುವುದಷ್ಟೇ ಕಂಡಿತು. "ಅದೇನು ಗುಸುಗುಸು? ಸ ಹಿಡಿ. ಏನಮ್ಮಾ, ಹಾರ್ಮೋನಿಯಂ ಇಳಿಸು" ಎಂದು ರೇಗಿದರು. ಅವರ ಬೆರಳು ಆಗಲೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹೆಂಡತಿ ಅಟ್ಟ ಹತ್ತಲು ಸ್ಟೂಲ್ ಹುಡುಕತೊಡಗಿದಳು. ನಾನು ಎದ್ದು ಹೋಗಿ ಮುಚ್ಚಿದ್ದ ಕಿಟಕಿಗಳನ್ನು ಒಂದೊಂದಾಗಿ ತೆರೆದೆ. ಬೀದಿ ಬಾಗಿಲನ್ನೂ ಪೂರ್ತಿ ತೆರೆದು, ಮತ್ತೆ ಮುಚ್ಚಿಕೊಳ್ಳದ ಹಾಗೆ ಅದಕ್ಕೊಂದು ಕಲ್ಲು ಕೊಟ್ಟು ಬಂದೆ.